ಬಸ್ಸಿನ ಕೊನೇ ಸೀಟು

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಆರಡಿ ಎತ್ತರದ ಹಲಗೆ ಬೇಲಿ. ಕ್ಯಾಲಿಫೋರ್ನಿಯಾದ ಫಾಲ್ಸಮ್‌ನಲ್ಲಿ ಹೊಸ ಬಡಾವಣೆಗಳಿಗೆಲ್ಲ ಇದೇ ಬೇಲಿ. ಆಚೆಯವರು ಎತ್ತರದ ಆಳಾದರೆ ನೆತ್ತಿ ಕಾಣುತ್ತದೆ, ಇಲ್ಲದಿದ್ದರೆ ಬರೀ ಕೆಮ್ಮು ಕೇಳುತ್ತದೆ. ಮೂರು ವರ್ಷದ ಹಿಂದೆ ಚಳಿಗಾಲದ ಮಳೆಗಾಳಿಗೆ ಅದರದ್ದೊಂದು ಹಲಗೆ ಬಿತ್ತು. ಮತ್ತೆ ಹೊಡೆಸುವುದು ನನ್ನ ಪಾಲಿನದೋ ಅವರ ಪಾಲಿನದೋ ಅಂತ ವಿಚಾರ ಮಾಡಲು ಇಬ್ಬರೂ ಸಂದಿಗೆ ಬಂದೆವು. ವಿಚಾರ ಇನ್ನೂ ಮುಗಿದಿಲ್ಲ. ಆ ಸಂದಿ ಈಗ ನಮ್ಮ ಅರಳಿಕಟ್ಟೆ.

ಆಚೆಯವರಿಗೆ ನನ್ನ ಮಕ್ಕಳು ಇಟ್ಟ ಹೆಸರು ಬೇಲಿ ತಾತ. ನಲವತ್ತು ವರ್ಷ ಲಾರಿ ಓಡಿಸಿ ಮನೆ ಸೇರಿದ ಅಮೆರಿಕನ್ನರು. ಅವರ ನಿಂಬೆಗಿಡದ ಒಂದು ಕೊಂಬೆ ಬೇಲಿ ದಾಟಿ ನಮ್ಮ ಕಡೆ ಚಾಚಿಕೊಂಡಿದೆ. ಹಣ್ಣು ನಮಗೆ, ಅದರ ಉಪ್ಪಿನಕಾಯಿಯಲ್ಲಿ ಒಂದು ಜಾಡಿ ಅವರಿಗೆ ಅಂತ ಒಪ್ಪಂದ. ಅವರು ಅದನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತಾರೆ. ತಿನ್ನಲಿ.

ನಾನು ಮೋಟರ್‌ಹೋಮ್ ಕೊಂಡದ್ದಕ್ಕೂ ಈ ಸಂದಿಯೇ ಕಾರಣ. ಅಲ್ಲಿ ನಿಂತು ಅವರು ಲಾರಿಯ ಕಾಲದ ರಸ್ತೆಗಳ ಕಥೆ ಹೇಳಿ ಹೇಳಿ ನನ್ನ ತಲೆ ಕೆಡಿಸಿದ್ದರು. ಕೈಬದಲಾದ ಗಾಡಿ, 31 ಅಡಿ ಉದ್ದ. ಇಲ್ಲಿ ಇಂಥ ಗಾಡಿಗಳನ್ನು ಎ, ಬಿ, ಸಿ ಅಂತ ಜಾತಿ ಮಾಡಿದ್ದಾರೆ. ಎ ಅಂದರೆ ಬಸ್ಸಿನ ಮುಖದ್ದು, ಬಿ ಅಂದರೆ ವ್ಯಾನು, ಸಿ ಅಂದರೆ ಲಾರಿಯ ಮುಖಕ್ಕೆ ಬೆನ್ನಲ್ಲಿ ಮನೆ ಕಟ್ಟಿ ಡ್ರೈವರ್ ತಲೆ ಮೇಲೆ ಅಟ್ಟ ಇಟ್ಟದ್ದು. ದೊಡ್ಡದು ಎ, ಚಿಕ್ಕದು ಬಿ, ಮಧ್ಯದ್ದು ಸಿ. ಯಾವ ಶಾಲೆಯ ಅಕ್ಷರಮಾಲೆಯೋ ಗೊತ್ತಿಲ್ಲ. ನಮ್ಮದು ಸಿ. ಅಡಿಪಾಯ ಫೋರ್ಡ್ ಇ-450, ತುಂಬಿದ ತೂಕ 14,500 ಪೌಂಡ್ ದಾಟಬಾರದು ಅಂತ ಬಾಗಿಲ ಪಟ್ಟಿಯಲ್ಲಿ ಬರೆದಿದೆ. ಮನೆ ಮುಂದೆ ತಂದು ನಿಲ್ಲಿಸಿದ ದಿನ ನನ್ನ ಹೆಂಡತಿ ಒಂದು ಸುತ್ತು ಹಾಕಿ ನೋಡಿ, “ಅಲ್ಲಾ ರೀ, ಇರೋ ಮನೆ ಗುಡಿಸೋಕೇ ಆಳಿಲ್ಲ. ಇನ್ನೊಂದಕ್ಕೆ ಚಕ್ರ ಹಾಕಿಸ್ಕೊಂಡು ಬಂದ್ರಾ?” ಅಂದಳು.

ಕೊಂಡ ಮೇಲೆ ತಿಳಿದ ಸತ್ಯ ಏನೆಂದರೆ, ಚಕ್ರ ಇರುವ ಮನೆಯಲ್ಲಿ ಹಾಲು ಮುಗಿದರೆ ಇಡೀ ಮನೆಯನ್ನೇ ಓಡಿಸಿಕೊಂಡು ಅಂಗಡಿಗೆ ಹೋಗಬೇಕು. ಕರೆಂಟಿನ ತಂತಿ ಕೀಳಬೇಕು, ನೀರಿನ ಪೈಪು ಸುತ್ತಬೇಕು, ಒಲೆ ಮೇಲಿನ ಪಾತ್ರೆ ಇಳಿಸಬೇಕು, ಫ್ರಿಜ್ಜಿನ ಬಾಗಿಲಿಗೆ ಚಿಲಕ ಹಾಕಬೇಕು, ಅಟ್ಟದಲ್ಲಿ ಮಲಗಿದ ಮಗನನ್ನು ಎಬ್ಬಿಸಬೇಕು. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಇಷ್ಟು ರಾಮಾಯಣ. ಇದರಿಂದ ತಪ್ಪಿಸಿಕೊಳ್ಳಲು ಕೆಲವರು ಹಿಂದೆ ಒಂದು ಕಾರನ್ನೇ ಕಟ್ಟಿಕೊಂಡು ಎಳೆಯುತ್ತಾರೆ. ಬಡವರಾದ ನಮ್ಮಂಥವರು ಸೈಕಲ್ ಕಟ್ಟಿಕೊಳ್ಳುತ್ತೇವೆ. ಯೊಸೆಮಿಟಿ ಕಣಿವೆಗೆ ಹೋದರಂತೂ ಸೈಕಲ್ಲೇ ಸುಖ. ಕಣಿವೆಯ ತಳದಲ್ಲಿ ಸಪಾಟಾದ, ಸೈಕಲ್ಲಿಗೆಂದೇ ಹಾಕಿದ 12 ಮೈಲಿಯಷ್ಟು ದಾರಿ ಇದೆ. ಕಾರಿನವರು ನಿಲ್ಲಿಸಲು ಜಾಗವಿಲ್ಲದೆ ಸುತ್ತು ಹೊಡೆಯುತ್ತಿದ್ದರೆ ನಾವು ಗಂಟೆ ಬಾರಿಸಿಕೊಂಡು ಹೋಗಬಹುದು.

ಕಾರಿಗೆಂದು ಹಿಂದೆ ಯಾವಾಗಲೋ ಕೊಂಡಿದ್ದ ರ‍್ಯಾಕು ಗ್ಯಾರೇಜಿನಲ್ಲಿ ಬಿದ್ದಿತ್ತು. ಒಂದು ಕಂಬ, ಅದರ ತಲೆಯಿಂದ ಎರಡು ತೋಳು, ತೋಳಿಗೆ ಸೈಕಲ್ಲಿನ ಬಾರು ಸಿಕ್ಕಿಸಿ ನೇತುಹಾಕುವುದು. ನಾಲ್ಕು ಸೈಕಲ್ ಹಿಡಿಸುತ್ತದೆ. ಹೆಂಡತಿಯದು ಬ್ಯಾಟರಿ ಸೈಕಲ್, ಲೇಡೀಸ್ ಮಾದರಿ, ಮೇಲೆ ಬಾರೇ ಇಲ್ಲ. ಅದಕ್ಕೆ ಸೀಟಿನ ಕೊಳವೆಯಿಂದ ಹ್ಯಾಂಡಲ್ಲಿನವರೆಗೆ ಒಂದು ಸುಳ್ಳು ಬಾರು ಸಿಕ್ಕಿಸಿ ನೇತುಹಾಕಿದೆ. ತೂಕ 60 ಪೌಂಡ್. ನನ್ನದು 32. ಮಕ್ಕಳದು ಒಂದೊಂದೂ 26. ಯೊಸೆಮಿಟಿಗೆ ಹೊರಟೆವು. ಹಿಂದಿನ ಕ್ಯಾಮೆರಾದಲ್ಲಿ ರಸ್ತೆ ಕಾಣುವ ಬದಲು ಸೈಕಲ್ಲಿನ ಕಡ್ಡಿಗಳು ಮಾತ್ರ ಕಾಣುತ್ತಿದ್ದವು. ಕಡ್ಡಿ ಕಾಣುವವರೆಗೆ ಸೈಕಲ್ ಇದೆ ಅಂತ ನೆಮ್ಮದಿಯಿಂದ ಓಡಿಸಿದೆ.

ಮರಿಪೋಸಾದಲ್ಲಿ ಪೆಟ್ರೋಲಿಗೆ ನಿಲ್ಲಿಸಿದಾಗ ಒಬ್ಬ ಹುಡುಗ ಬಂದು ನನ್ನ ಗಾಡಿಯ ಹಿಂಭಾಗ ತೋರಿಸಿ ಏನೂ ಹೇಳದೆ ಹೋದ. ಹೋಗಿ ನೋಡಿದರೆ ಕಂಬದ ಬುಡದ ಬೆಸುಗೆ ಅರ್ಧ ಬಾಯಿಬಿಟ್ಟಿತ್ತು. ಇಡೀ ರ‍್ಯಾಕು ಕುಡುಕನ ಹಾಗೆ ಹಿಂದಕ್ಕೆ ವಾಲಿ, ಕೊನೆಯಲ್ಲಿದ್ದ ಮಗಳ ಸೈಕಲ್ಲಿನ ಚಕ್ರ ನೆಲ ಮುಟ್ಟಿತ್ತು. ಎಷ್ಟು ಮೈಲಿಯಿಂದ ಉಜ್ಜಿಕೊಂಡು ಬಂದಿತ್ತೋ, ಟೈರಿನ ಒಂದು ಕಡೆ ರಬ್ಬರು ಮುಗಿದು ರಿಮ್ಮು ಚಪ್ಪಟೆಯಾಗಿತ್ತು. ಆ ರಿಮ್ಮಿನ ಅಂಚನ್ನು ಮುಟ್ಟಿ ಬೆರಳು ಸುಟ್ಟುಕೊಂಡೆ. ಮನೆಗೆ ಬಂದ ಮೇಲೆ ರ‍್ಯಾಕಿನ ಜೊತೆ ಬಂದಿದ್ದ ಕಾಗದ ಹುಡುಕಿ ಓದಿದೆ. ಒಂದು ಸೈಕಲ್ಲಿಗೆ 35 ಪೌಂಡ್ ಮೀರಬಾರದು ಅಂತಿತ್ತು. ಅದರ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಟ್ರೇಲರಿಗೂ ಮೋಟರ್‌ಹೋಮಿಗೂ ಬಳಸಕೂಡದು ಅಂತಲೂ ಇತ್ತು. ತಪ್ಪು ಯಾರದು ಅಂತ ಹೆಂಡತಿ ಕೇಳಲಿಲ್ಲ. ಕೇಳದೆ ಇರುವುದರಲ್ಲಿ ಅವಳು ನಿಪುಣೆ.

ಸಂದಿಯಲ್ಲಿ ನಿಂತು, “ಒಳ್ಳೇ ರ‍್ಯಾಕು ಯಾವುದು, ಹೇಳಿ” ಅಂತ ಬೇಲಿ ತಾತನನ್ನು ಕೇಳಿದೆ. ಅವರು ರ‍್ಯಾಕಿನ ಮಾತೇ ಎತ್ತಲಿಲ್ಲ. “ಅದನ್ನು ಸಿಕ್ಕಿಸುವ ಚೌಕದ ತೂತು ಇದೆಯಲ್ಲ, ಅದು ಯಾವುದಕ್ಕೆ ಅಂಟಿಕೊಂಡಿದೆ ಅಂತ ಯಾವತ್ತಾದರೂ ಬಗ್ಗಿ ನೋಡಿದ್ದೀಯಾ?” ಅಂದರು. ಮದುವೆಗೆ ಹುಡುಗಿ ತೋರಿಸಿ ಅಂದರೆ ಮೊದಲು ನಿನ್ನ ಮನೆಯ ತೊಲೆ ಗಟ್ಟಿಯಾಗಿದೆಯಾ ಅಂತ ಕೇಳಿದಂತಾಯಿತು. ನೋಡಿರಲಿಲ್ಲ.

ಅಷ್ಟರಲ್ಲಿ ತಿಪಟೂರಿನಿಂದ ಅಪ್ಪ ಬಂದರು. ಸಾರಿಗೆ ಡಿಪೋದಲ್ಲಿ ಮೂವತ್ತು ವರ್ಷ ಸ್ಪ್ಯಾನರು ಹಿಡಿದ ಕೈ. ಅಮೆರಿಕದಲ್ಲಿ ಅವರಿಗೆ ಇಡೀ ದಿನ ಮಾಡಲು ಏನೂ ಇಲ್ಲ, ಎಲ್ಲಿಗೆ ಹೋಗಲೂ ನಾನೇ ಕರೆದೊಯ್ಯಬೇಕು. ಮೋಟರ್‌ಹೋಮ್ ಕಂಡದ್ದೇ ಮುಖಕ್ಕೆ ಕಳೆ ಬಂತು. ಎಪ್ಪತ್ತಮೂರನೇ ವಯಸ್ಸಿನಲ್ಲಿ, ಪಂಚೆ ಎತ್ತಿ ಕಟ್ಟಿ, ನೆಲಕ್ಕೆ ಒಂದು ರಟ್ಟಿನ ಪೆಟ್ಟಿಗೆ ಬಿಡಿಸಿ ಹಾಸಿಕೊಂಡು, ಟಾರ್ಚು ಹಿಡಿದು ಗಾಡಿಯ ಅಡಿಗೆ ತೆವಳಿದರು. ಸಂದಿಯ ಆಚೆಯಿಂದ ಬೇಲಿ ತಾತ ಕತ್ತು ಚಾಚಿ ನೋಡುತ್ತಿದ್ದರು.

“ಬಾ ಇಲ್ಲಿ, ಮಲಕ್ಕೊಂಡು ನೋಡು,” ಅಂತ ಒಳಗಿಂದ ಕೂಗಿದರು. ನಾನೂ ತೆವಳಿದೆ. ಹಿಂದಿನ ಚಕ್ರ ದಾಟಿ ಒಂದಿಷ್ಟು ದೂರದಲ್ಲಿ ದಪ್ಪನೆಯ ಎರಡು ಉಕ್ಕಿನ ತೊಲೆಗಳು ಕೊನೆಯಾಗಿದ್ದವು. ಅಲ್ಲಿಂದಾಚೆಗೆ ಬೇರೆ ಬಣ್ಣದ, ತೆಳುವಾದ ಕಬ್ಬಿಣ. ಸೇರಿದ ಜಾಗದಲ್ಲಿ ಬೆಸುಗೆಯ ಗೆರೆ. “ಫೋರ್ಡಿನವ್ರ ಚಾಸಿ ಇಲ್ಲಿಗೆ ಮುಗೀತು. ಇಲ್ಲಿಂದಾಚೆಗೆ ಮನೆ ಕಟ್ಟಿದೋರು ಹಾಕಿರೋ ತೇಪೆ. ನಿನ್ನ ಸೈಕಲ್ಲು ನೇತಾಡ್ತಿರೋದು ತೇಪೆ ತುದೀಲಿ ಕಣೋ.” ತೇಪೆಯ ತುದಿಯಲ್ಲಿ ಅಡ್ಡಕ್ಕೆ ಒಂದು ತೊಲೆ, ಅದರ ನಡುವೆ ಎರಡಿಂಚಿನ ಚೌಕದ ತೂತು. ಇಲ್ಲಿಯವರು ಅದಕ್ಕೆ ರಿಸೀವರ್ ಅನ್ನುತ್ತಾರೆ. ಪಕ್ಕದಲ್ಲೊಂದು ಮಾಸಿದ ಚೀಟಿ: ಎಳೆಯುವುದಕ್ಕೆ 5,000 ಪೌಂಡ್, ಮೇಲಿಂದ ಕೆಳಕ್ಕೆ ಭಾರ ಹೇರುವುದಕ್ಕೆ 500. ಸೈಕಲ್ಲಿನವರಿಗೆ ಬೇಕಾದ್ದು ಈ ಎರಡನೇ ಅಂಕಿ. ನನ್ನ ನಾಲ್ಕು ಸೈಕಲ್ಲು, ರ‍್ಯಾಕು ಎಲ್ಲ ಸೇರಿ 200ರ ಆಸುಪಾಸು. ಹಾಗಾದರೆ ಚಿಂತೆಯಿಲ್ಲವಲ್ಲ ಅಂದೆ.

ಅಪ್ಪ ಹೊರಗೆ ಬಂದು ಬೆನ್ನಿನ ಧೂಳು ಕೊಡವಿಕೊಂಡರು. “ಬಸ್ಸಲ್ಲಿ ಕೊನೇ ಸೀಟಲ್ಲಿ ಕೂತಿದ್ದೀಯ ತಾನೆ?”

ತಿಪಟೂರಿನಿಂದ ತುಮಕೂರಿಗೆ ಮೂರು ವರ್ಷ ಕಾಲೇಜಿಗೆ ಓಡಾಡಿದವನು ನಾನು. ಕೊನೇ ಸೀಟಿನಲ್ಲಿ ಕೂತು ಹಂಪು ಬಂದಾಗ ತಲೆ ಮೇಲಿನ ಕಂಬಿಗೆ ಬಡಿಸಿಕೊಂಡದ್ದು ಎಷ್ಟು ಸಲವೋ. ಡ್ರೈವರಿಗೆ ಹಂಪು ಗೊತ್ತೇ ಆಗುವುದಿಲ್ಲ, ಮಧ್ಯದವರಿಗೆ ತೂಕಡಿಕೆಯೂ ತಪ್ಪುವುದಿಲ್ಲ, ಹಿಂದಿನವರು ಮಾತ್ರ ಒಂದು ಗಳಿಗೆ ಆಕಾಶದಲ್ಲಿರುತ್ತಾರೆ. ಟಿಕೆಟ್ಟಿನ ದುಡ್ಡು ಮಾತ್ರ ಎಲ್ಲರಿಗೂ ಒಂದೇ.

“ಆ ಕೊನೇ ಸೀಟು ಗಾಡಿ ಒಳಗೇ ಇರ್ತದೆ. ನೀನು ಅದರಿಂದಾಚೆಗೂ ಎರಡಡಿ ಹೋಗಿ ಸೀಟು ಹಾಕ್ತಾ ಇದೀಯ. ಸೈಕಲ್ಲು ಸುಮ್ನೆ ಕೂತಿರಲ್ಲ, ಹಂಪು ಬಂದಾಗಲೆಲ್ಲ ಎದ್ದು ಬೀಳ್ತದೆ. 200 ಪೌಂಡು ನಿಂತಾಗ 200. ಬಿದ್ದಾಗ ಎಷ್ಟು?”

ಬೇಲಿ ತಾತನಿಗೆ ಕನ್ನಡ ಬರುವುದಿಲ್ಲ, ಅಪ್ಪನ ಇಂಗ್ಲಿಷು ಡಿಪೋದ ಇಂಗ್ಲಿಷು. ಆದರೆ ಅಪ್ಪ ನಿಂಬೆಯ ಕೊಂಬೆ ಹಿಡಿದು, ಬುಡದ ಹತ್ತಿರ ಒತ್ತಿ ತೋರಿಸಿದರು, ಅಲುಗಲಿಲ್ಲ. ತುದಿಯ ಒಂದು ಹಣ್ಣನ್ನು ಎರಡು ಬೆರಳಲ್ಲಿ ಜಗ್ಗಿ ಬಿಟ್ಟರು. ಇಡೀ ಕೊಂಬೆ ಕುಣಿದು ಬೇಲಿಯೇ ಕಿರುಗುಟ್ಟಿತು. ಆಚೆಯವರು, “ಅದೇ! ಅದೇ!” ಅಂತ ತಮ್ಮ ಭಾಷೆಯಲ್ಲಿ ಕೂಗಿದರು. ಆಮೇಲೆ ನನ್ನ ದುಭಾಷಿ ಕೆಲಸ ಯಾರಿಗೂ ಬೇಕಾಗಲಿಲ್ಲ.

ಆ ರಾತ್ರಿ ಕಾಗದ ಪೆನ್ಸಿಲು ಹಿಡಿದು ಕೂತೆ. ನಮ್ಮ ಗಾಡಿಯ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 18 ಅಡಿ. ಹಿಂದಿನ ಚಕ್ರದಿಂದ ಗಾಡಿಯ ಬಾಲಕ್ಕೆ 10 ಅಡಿ. ಸೈಕಲ್ಲುಗಳ ಭಾರ ಇನ್ನೂ 2 ಅಡಿ ಆಚೆಗೆ, ಅಂದರೆ 12 ಅಡಿ. ಹದಿನೆಂಟಕ್ಕೆ ಹನ್ನೆರಡು, ಮೂರರಲ್ಲಿ ಎರಡು ಪಾಲು. ಹಾಗಾಗಿ ಅಲ್ಲಿ 200 ಪೌಂಡ್ ನೇತುಹಾಕಿದರೆ ಮುಂದಿನ ಚಕ್ರಗಳ ಮೇಲಿನ ಭಾರ 133 ಪೌಂಡ್ ಇಳಿದು, ಹಿಂದಿನ ಚಕ್ರಗಳ ಮೇಲೆ 333 ಏರುತ್ತದೆ. ಕೊಟ್ಟದ್ದು 200, ಹಿಂದಿನ ಅಚ್ಚು ಹೊತ್ತದ್ದು 333. ಬಡ್ಡಿ ವ್ಯಾಪಾರದ ಹಾಗೆ. ಹಂಪು ಮೂರು ಇಂಚು ಎತ್ತರ ಅಂತ ಇಟ್ಟುಕೊಂಡರೆ, ಮುಂದಿನ ಚಕ್ರ ಹತ್ತಿದಾಗ ಸೈಕಲ್ಲು 2 ಇಂಚು ಕೆಳಕ್ಕೆ ಹೋಗುತ್ತದೆ, ಹಿಂದಿನ ಚಕ್ರ ಹತ್ತಿದಾಗ 5 ಇಂಚು ಮೇಲಕ್ಕೆ. ಅಪ್ಪ ಗೆದ್ದರು ಅನ್ನಿಸಿತು. ಸುಮ್ಮನಿರದೆ ಕಾರಿಗೂ ಅದೇ ಲೆಕ್ಕ ಹಾಕಿದೆ. ಚಕ್ರದಿಂದ ಚಕ್ರಕ್ಕೆ 9 ಅಡಿ, ಹಿಂದಿನ ಚಕ್ರದಿಂದ ಸೈಕಲ್ಲಿಗೆ 5 ಅಡಿ. ಅದೇ ಮೂರಿಂಚಿನ ಹಂಪಿಗೆ ಸೈಕಲ್ಲು ಏರುವುದು ನಾಲ್ಕೂ ಮುಕ್ಕಾಲು ಇಂಚು ಹತ್ತಿರ! ಐದಕ್ಕೂ ನಾಲ್ಕೂ ಮುಕ್ಕಾಲಿಗೂ ಎಂಥ ವ್ಯತ್ಯಾಸ? ಕೊನೇ ಸೀಟಿನ ಸಿದ್ಧಾಂತವೇ ಬಿದ್ದುಹೋಯಿತು ಅಂತ, ಅಪ್ಪನನ್ನು ಸೋಲಿಸಿದ ಮಗನ ಖುಷಿಯಲ್ಲಿ ನಿದ್ದೆ ಹೋದೆ.

ಬೆಳಗ್ಗೆ ಕಾಫಿ ಹೊತ್ತಿಗೆ ಕಾಗದ ಮುಂದಿಟ್ಟೆ. ಅಪ್ಪ ಅದನ್ನು ನೋಡಲೇ ಇಲ್ಲ. “ಕಾರಿನ ಸ್ಪ್ರಿಂಗು ನುಂಗ್ತದೆ, ಲಾರಿ ಸ್ಪ್ರಿಂಗು ಎಸೀತದೆ,” ಅಂದು ಕಾಫಿ ಹೀರಿದರು. ಆಮೇಲೆ ಕನಿಕರ ಬಂದು ಬಿಡಿಸಿ ಹೇಳಿದರು. ಟನ್ನುಗಟ್ಟಲೆ ಹೊರಲು ಮಾಡಿದ ಸ್ಪ್ರಿಂಗಿನ ಪ್ಲೇಟುಗಳು ಬಿರುಸು. ಹಳ್ಳದ ಪೆಟ್ಟನ್ನು ತಾವು ತಿನ್ನದೆ ನೇರ ಚಾಸಿಗೆ ದಾಟಿಸುತ್ತವೆ. ಚಾಸಿಯ ಬಾಲ ತೇಪೆಯಾದ್ದರಿಂದ ಅದೂ ಬಳುಕುತ್ತದೆ. ಬಾರುಕೋಲಿನಲ್ಲಿ ಕೈ ಅಲುಗುವುದು ಎಷ್ಟು, ತುದಿ ಬೀಸುವುದು ಎಷ್ಟು? ಕಾರಿಗೆ ಈ ತೇಪೆಯ ಬಾಲ ಇಲ್ಲ. ನನ್ನ ಲೆಕ್ಕದಲ್ಲಿ ಗಾಡಿ ಬಗ್ಗದ ಹಲಗೆಯಾಗಿತ್ತು, ಅವರ ಲೆಕ್ಕದಲ್ಲಿ ಅದು ಕೊಂಬೆ. ಬಹಳಷ್ಟು ರ‍್ಯಾಕಿನವರು ಮೋಟರ್‌ಹೋಮಿಗೆ ಬೇಡ ಅನ್ನುವುದಕ್ಕೂ, ಕೆಲವರು ಕಾರಿಗೆ ಹೇಳಿದ ತೂಕದಲ್ಲಿ ಅರ್ಧವನ್ನಷ್ಟೇ ಒಪ್ಪುವುದಕ್ಕೂ ಕಾರಣ ನನಗೆ ಹೊಳೆದದ್ದು ಆಗ.

ಅಂದಿನಿಂದ ದಿನಾ ಸಂಜೆ ಸಂದಿಯಲ್ಲಿ ಸಭೆ. ನಾನು ಫೋನಿನಲ್ಲಿ ಒಂದೊಂದೇ ರ‍್ಯಾಕಿನ ಚಿತ್ರ ತೋರಿಸುವುದು, ಇಬ್ಬರು ಮುದುಕರೂ ತಳ್ಳಿಹಾಕುವುದು. ನೇತುಹಾಕುವ ಜಾತಿಯಂತೂ ಮೊದಲ ದಿನವೇ ಮನೆಯಾಚೆಗಾಯಿತು: ಅದರಲ್ಲಿ ಸೈಕಲ್ಲುಗಳು ತೂಗಾಡಿ ಒಂದರ ಪೆಡಲು ಇನ್ನೊಂದರ ಕಡ್ಡಿಗೆ ತಿವಿಯುತ್ತದೆ. ಗಾಡಿಯ ಹಿಂದಿನ ಏಣಿಗೆ ಸಿಕ್ಕಿಸುವ ಅಗ್ಗದ ಕೊಕ್ಕೆಗಳನ್ನು ಅಪ್ಪ ಕಣ್ಣೆತ್ತಿಯೂ ನೋಡಲಿಲ್ಲ. ನೆಟ್ಟಗೆ ನಿಲ್ಲಿಸಿ ಮುಂಚಕ್ರದಿಂದ ನೇತುಹಾಕುವ ಎತ್ತರದ ನಮೂನೆ ನೋಡಲು ಚೆಂದ, ಹೊರಲು ಭಾರ, ಹಿಂದಿನ ಕಿಟಕಿಗೂ ಅಡ್ಡ. ಉಳಿದದ್ದು ಸೈಕಲ್ಲಿನ ಎರಡೂ ಚಕ್ರ ಉದ್ದನೆಯ ತಟ್ಟೆಯ ಮೇಲೆ ಕೂರುವ ನಮೂನೆ. ಭಾರ ತಟ್ಟೆಯ ಮೇಲೆ, ಬಾರಿಗಲ್ಲ. ಲೇಡೀಸ್ ಸೈಕಲ್ಲಿಗೆ ಸುಳ್ಳು ಬಾರೂ ಬೇಡ.

ಒಂದು ಸಂಜೆ ಥೂಲೆ ಕಂಪನಿಯ ಚಿತ್ರ ತೋರಿಸುವಾಗ, ಇದು ಸ್ವೀಡನ್ನಿನಲ್ಲಿ 1942ರಲ್ಲಿ ಮೀನು ಹಿಡಿಯುವ ಬಲೆಗೂಡು ಮಾಡಲು ಹುಟ್ಟಿದ ಕಂಪನಿ ಅಂದೆ. ಅಪ್ಪನಿಗೆ ಅದು ಬಹಳ ಹಿಡಿಸಿತು. ಒಳಗೆ ಹೋದದ್ದು ಆಚೆ ಬರದಂತೆ ಹಿಡಿಯುವ ವಿದ್ಯೆ ಅವರಿಗೆ ಮೊದಲಿಂದ ಗೊತ್ತಿದೆ ಬಿಡು ಅಂದರು.

ಚೌಕದ ಕೊಳವೆಯ ಅಳತೆಯಲ್ಲಿ ನಾನೊಂದು ಜಾಣತನ ಮಾಡಲು ಹೋಗಿ ಬೈಸಿಕೊಂಡೆ. ಸಣ್ಣ ಕಾರುಗಳಿಗೆ ಒಂದೂಕಾಲು ಇಂಚಿನದು ಬರುತ್ತದೆ, ಬೆಲೆಯೂ ಕಡಿಮೆ. ಅದನ್ನು ತಂದು, ಎರಡಿಂಚಿನ ರಿಸೀವರಿಗೆ ನಡುವೆ ಒಂದು ಅಡಾಪ್ಟರ್ ತುರುಕಿದರೆ ಆಗದೇ? ಇಬ್ಬರೂ ಒಂದೇ ಸಲ ತಲೆಯಾಡಿಸಿದರು. ಅಪ್ಪನ ವಿವರಣೆ ಒಂದೇ ಪದ: “ಪ್ಲೇ.” ಡಿಪೋದಲ್ಲಿ ಈ ಪದಕ್ಕೆ ಆಟವೆಂಬ ಅರ್ಥವಿಲ್ಲ, ಅಪಾಯವೆಂದೇ ಅರ್ಥ. ಒಂದರೊಳಗೊಂದು ಕೊಳವೆ ಕೂತಲ್ಲೆಲ್ಲ ಕೂದಲೆಳೆಯಷ್ಟು ಸಡಿಲ ಇರುತ್ತದೆ. ಬುಡದಲ್ಲಿ ಕೂದಲೆಳೆ, ತುದಿಯಲ್ಲಿ ಬೆರಳು. ಅಡಾಪ್ಟರ್ ಹಾಕಿದರೆ ಸಡಿಲ ಎರಡು ಕಡೆ. ಒಂದೇ ಹಂಪಿಗೆ ಏನೂ ಆಗುವುದಿಲ್ಲ; ಸಾವಿರ ಹಂಪಿಗೆ ಕಬ್ಬಿಣ ಸುಸ್ತಾಗಿ ಬೆಸುಗೆ ಸೀಳುತ್ತದೆ. ಮರಿಪೋಸಾದ ಬೆಸುಗೆ ನನ್ನ ಕಣ್ಣಮುಂದೆ ಬಂತು. ಬೇಲಿ ತಾತ ಒಳಗೆ ಹೋಗಿ ತಮ್ಮ ಹಳೇ ಪೆಟ್ಟಿಗೆಯಿಂದ ಒಂದು ತಗಡಿನ ಪಟ್ಟಿ, ಲಾಳದಾಕಾರದ ಬೋಲ್ಟು ತಂದು ಸಂದಿಯಲ್ಲಿ ದಾಟಿಸಿದರು. ರಿಸೀವರಿನ ಕೊಳವೆಯನ್ನೂ ರ‍್ಯಾಕಿನ ಕೊಳವೆಯನ್ನೂ ಸೇರಿಸಿ ಬಿಗಿಯುವ ಕ್ಲಾಂಪು. ನಾಲ್ಕು ಕಾಸಿನ ಸಾಮಾನು. ಅಪ್ಪ ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಪಂಚೆಯ ಅಂಚಿನಿಂದ ಒರೆಸಿ, ಜೇಬಿಗಿಟ್ಟುಕೊಂಡರು. ಉಡುಗೊರೆ ಬಂದರೆ ಅವರು ಹೀಗೆ ನಡೆದುಕೊಂಡದ್ದನ್ನು ನಾನು ಕಂಡಿರಲಿಲ್ಲ.

ಸೈಲೆನ್ಸರಿನ ಬಾಯಿ ಎಲ್ಲಿದೆ, ಬಿಸಿ ಹೊಗೆ ಟೈರಿಗೆ ಹೊಡೆಯುತ್ತದೆಯೇ ಅಂತ ನೋಡಿದ್ದಾಯಿತು, ಪುಣ್ಯಕ್ಕೆ ಪಕ್ಕಕ್ಕಿತ್ತು. ನಂಬರ್ ಪ್ಲೇಟು ಮುಚ್ಚಿದರೆ ಇಲ್ಲಿಯ ಪೊಲೀಸರು ಬಿಡುವುದಿಲ್ಲ, ಅದನ್ನು ಪಕ್ಕಕ್ಕೆ ಸರಿಸಿದ್ದಾಯಿತು. ಕೊನೆಗೆ ಉಳಿದದ್ದು ಎಷ್ಟು ಸೈಕಲ್ಲು ಅನ್ನುವ ಪ್ರಶ್ನೆ.

ನಾಲ್ಕು ತಟ್ಟೆಯದು ತಾನೇ ತಾನಾಗಿ ಭಾರ, ನಾಲ್ಕನೇ ತಟ್ಟೆ ಇನ್ನೂ ಆಚೆಗೆ. “ಎರಡೇ ಸಾಕು. ಕೊನೇ ಸೀಟಲ್ಲಿ ಜನ ಕಮ್ಮಿ ಇದ್ರೆ ಬಸ್ಸಿಗೂ ಸುಖ,” ಅಂತ ಅಪ್ಪನ ತೀರ್ಪು. ಮೋಟರ್‌ಹೋಮಿಗೆ ಸಲ್ಲುತ್ತದೆ ಅಂತ ಕಾಗದದಲ್ಲಿ ಸ್ಪಷ್ಟವಾಗಿ ಬರೆದ, ಒಂದೊಂದು ತಟ್ಟೆಗೂ 80 ಪೌಂಡ್ ತಡೆಯುವ, ಎರಡಿಂಚು ಕೊಳವೆಯ, ಎರಡೇ ಸೈಕಲ್ಲಿನ ರ‍್ಯಾಕು ತರಿಸಿದೆ. ಬ್ಯಾಟರಿ ಸೈಕಲ್ಲಿನ ಬ್ಯಾಟರಿ ಬಿಚ್ಚಿ ಒಳಗಿಟ್ಟರೆ ಇನ್ನಷ್ಟು ಹಗುರ. ಮಕ್ಕಳಿಗೆ ಕಣಿವೆಯಲ್ಲೇ ಬಾಡಿಗೆ ಸೈಕಲ್ ಸಿಗುತ್ತದೆ. ಬಾಡಿಗೆ ಅಂದಾಗ ಮಕ್ಕಳ ಮುಖ ಬಾಡಿತು. ಅಪ್ಪನದು ಮಾತ್ರ ಅರಳಿತು. ತಿಪಟೂರಿನಲ್ಲಿ ಗಂಟೆಗೆ ನಾಲ್ಕಾಣೆ ಕೊಟ್ಟು ಸೈಕಲ್ ತಂದು, ಐದು ನಿಮಿಷ ತಡವಾದರೆ ಅಂಗಡಿಯವನಿಂದ ಬೈಸಿಕೊಳ್ಳುತ್ತಿದ್ದ ಕಥೆ ಶುರುವಾಯಿತು. ಅದು ಮುಗಿಯುವ ಹೊತ್ತಿಗೆ ಮಕ್ಕಳು ಬಾಡಿಗೆಯೇ ಒಳ್ಳೇದು ಅಂತ ಒಪ್ಪಿ ಎದ್ದುಹೋದರು. ನನ್ನ ಹೆಂಡತಿ ಅಡುಗೆಮನೆ ಕಿಟಕಿಯಿಂದ, “ಮಾವ, ನೀವು ಮೊದಲೇ ಬಂದಿದ್ರೆ ಇವರು ಗಾಡಿಯನ್ನೇ ತರ್ತಿರಲಿಲ್ಲ,” ಅಂದಳು.

ಪರೀಕ್ಷೆಯ ದಿನ ಅಪ್ಪ ಎಷ್ಟು ಹೇಳಿದರೂ ಕೇಳದೆ ಗಾಡಿಯ ಹಿಂದಿನ ಮಂಚದ ಮೇಲೆ ಕೂತರು. ಹಂಪು ದಾಟುವಾಗ ಕೊನೇ ಸೀಟಿನ ಹಾರಾಟ ಎಷ್ಟಿದೆ ಅಂತ ತಾವೇ ನೋಡಬೇಕಂತೆ. ಬೇಲಿ ತಾತ ಸಂದಿಯಲ್ಲಿ ನಿಂತು ಕೈ ಬೀಸಿದರು. ನಮ್ಮ ಗಾಡಿ ನಿಲ್ಲುವುದು ಮನೆಗೂ ಬೇಲಿಗೂ ನಡುವಿನ ಓಣಿಯಲ್ಲಿ. ಮುಂದಕ್ಕೆ ಬಂದು, ರಸ್ತೆ ಸಿಕ್ಕಿತೆಂದು ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದೆ. ಮೂತಿ ಬಲಕ್ಕೆ ಹೋಯಿತು. ಹಿಂದಿನ ಚಕ್ರದಿಂದಾಚೆಗಿನ ಹತ್ತಡಿ ಬಾಲ, ಅದರ ಮೇಲೆ ರ‍್ಯಾಕಿನ ಮೂರಡಿ, ಎಡಕ್ಕೆ ಬೀಸಿತು. ಎಡಕ್ಕಿದ್ದದ್ದು ಬೇಲಿ.

ಫಟ್, ಫಟ್ ಅಂತ ಎರಡು ಸದ್ದು. ನಿಲ್ಲಿಸಿ ಇಳಿದು ಓಡಿದೆ. ಸಂದಿಯ ಪಕ್ಕದ ಎರಡು ಹಲಗೆ ಮೊಳೆ ಸಮೇತ ಕಿತ್ತು ಆಚೆ ಬಿದ್ದಿದ್ದವು. ಬೇಲಿ ತಾತ ಪೂರ್ತಿಯಾಗಿ, ಕೈಯಲ್ಲಿದ್ದ ಕಾಫಿ ಲೋಟ ಸಮೇತ ಮೊದಲ ಸಲ ಕಂಡರು. ಅವರು ನೋಡುತ್ತಿದ್ದದ್ದು ಬೇಲಿಯನ್ನಲ್ಲ. ಅಪ್ಪ ಆಗಲೇ ಹಿಂದಿನಿಂದ ಇಳಿದು ಮೊಣಕಾಲೂರಿ ಕೂತು, ಎರಡೂ ಕೈಯಲ್ಲಿ ರ‍್ಯಾಕಿನ ತುದಿ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತಿದ್ದರು. ಇಬ್ಬರೂ ಉಸಿರು ಹಿಡಿದಿದ್ದರು.

“ಪ್ಲೇ ಇಲ್ಲ ಕಣೋ,” ಅಂದರು ಅಪ್ಪ.